ಡಿಸ್‌ಚಾರ್ಜ್ ಚೀಟಿಯಲ್ಲಿ ಇಲ್ಲದ ಒಂದು ಸಾಲು

‘ಬಸ್ ನಿಲ್ಲಸ್ರೀ... ನಾ ಇಳೀಬೇಕು.’

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೊರಟ ಬೆಳಗಿನ ಬಸ್ಸು ಕುಕನೂರು ದಾಟಿ ಭಾನಾಪುರದ ಹತ್ತಿರ ಬಂದಿತ್ತು. ಎಂದಿನಂತೆ ಕಾಲಿಡಲು ಜಾಗವಿರಲಿಲ್ಲ. ಕಾಲೇಜು ಹುಡುಗರು, ಸಂತೆಗೆ ಹೊರಟವರು, ಕೋರ್ಟಿಗೆ ಹೊರಟವರು. ನಾನು ಬಾಗಿಲಿನಿಂದ ಮೂರನೇ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಿದ್ದೆ. ಒಮ್ಮೆಲೇ ಎದೆ ಡವಗುಟ್ಟತೊಡಗಿತು. ಉಸಿರು ಒಳಗೆ ಹೋಗುತ್ತಿದೆ, ಆದರೆ ಸಾಲುತ್ತಿಲ್ಲ. ಕೈಬೆರಳುಗಳು ಜುಮುಗುಟ್ಟಿದವು. ಸುತ್ತಲಿನವರ ಮಾತು ಎಲ್ಲೋ ದೂರದಿಂದ ಬಂದಂತೆ ಕೇಳಿಸಿತು. ತಲೆಯಲ್ಲಿ ಒಂದೇ ಮಾತು: ನಾನು ಈಗ ಸಾಯುತ್ತೇನೆ, ಇದೇ ಬಸ್ಸಿನಲ್ಲಿ.

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದರು. ‘ಏನಾತೋ ತಮ್ಮಾ? ಮುಂಜಾನೆ ಏನೂ ತಿಂದಿಲ್ಲೇನು?’ ಎಂದು ತಮ್ಮ ನೀರಿನ ಬಾಟಲಿ ಕೊಟ್ಟರು. ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಚೀಲದಿಂದ ಬೆಲ್ಲದ ಚೂರು ತೆಗೆದು, ‘ಪಿತ್ತ ಆಗೇತಿ, ಬಾಯಾಗ ಹಾಕ್ಕೋ’ ಎಂದರು. ನಾನು ಬೆಲ್ಲವನ್ನೂ ಹಿಡಿದುಕೊಂಡು ಇಳಿದುಬಿಟ್ಟೆ. ಬಸ್ಸು ಹೋಯಿತು. ಹದಿನೈದು ನಿಮಿಷದಲ್ಲಿ ಎಲ್ಲವೂ ತಾನಾಗಿ ಇಳಿಯಿತು. ಉಳಿದದ್ದು ರಸ್ತೆ ಬದಿಯ ಜಾಲಿ ಗಿಡ, ಬೆವರಿಗೆ ಮೈಗಂಟಿದ ಅಂಗಿ ಮತ್ತು ನಾಚಿಕೆ.

ಅದಕ್ಕೆ ಹತ್ತೊಂಬತ್ತು ದಿನ ಮೊದಲು ನನಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಆದರೆ ಆ ಆಪರೇಷನ್‌ಗೂ ಈ ಬಸ್ಸಿಗೂ ಸಂಬಂಧ ಇದೆ ಎಂಬುದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ನಿಮ್ಮಲ್ಲಿ ಯಾರಿಗಾದರೂ ಮೂರು ತಿಂಗಳ ಬದಲು ಮೂರು ದಿನದಲ್ಲಿ ಅದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಬಿ.ಇ. ಮೂರನೇ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿಸಿ ಗಂಗಾವತಿಯ ಮಾವನ ಮನೆಗೆ ಹೋಗಿದ್ದೆ. ಮಾವ ಅಲ್ಲಿ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಹೊಕ್ಕುಳ ಸುತ್ತ ಶುರುವಾದ ನೋವು ಬೆಳಗಾಗುವುದರೊಳಗೆ ಬಲಗಡೆಗೆ ಇಳಿದಿತ್ತು. ಸ್ಕ್ಯಾನಿಂಗ್ ಆಯಿತು, ಸಂಜೆಯೇ ಆಪರೇಷನ್ ಎಂದರು. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ, ಅವ್ವ ಬಂದು ತಲುಪುವ ಹೊತ್ತಿಗೆ ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿಯಾಗಿತ್ತು. ಅಪ್ಪ ಒಂದು ಕಾಗದಕ್ಕೆ ಸಹಿ ಹಾಕಿದರು. ಅದರಲ್ಲಿ ಏನಿತ್ತೆಂದು ಅವರೂ ಓದಲಿಲ್ಲ, ನಾನೂ ಓದಲಿಲ್ಲ.

ಒಳಗೆ ದೊಡ್ಡ ದೀಪ, ಕೊರೆಯುವ ಚಳಿ, ಸ್ಪಿರಿಟ್ ವಾಸನೆ. ಬೆರಳಿಗೆ ಕ್ಲಿಪ್ ಹಾಕಿದರು. ನನ್ನ ಎದೆಬಡಿತ ನನಗೇ ‘ಬೀಪ್ ಬೀಪ್’ ಎಂದು ಕೇಳಿಸತೊಡಗಿತು. ಅರಿವಳಿಕೆ ಡಾಕ್ಟರು ‘ಯಾವ ಬ್ರಾಂಚಪಾ ನಿಂದು?’ ಎಂದು ಕೇಳಿದರು. ‘ಎಲೆಕ್ಟ್ರಾನಿಕ್ಸ್’ ಎಂದು ಪೂರ್ತಿ ಹೇಳಿದೆನೋ ಇಲ್ಲವೋ ನೆನಪಿಲ್ಲ. ಮುಂದಿನ ಕ್ಷಣ ಯಾರೋ ಕೆನ್ನೆ ತಟ್ಟುತ್ತಿದ್ದರು. ಗಂಟಲು ಕೆರೆಯುತ್ತಿತ್ತು, ಮೈ ಗಡಗಡ ನಡುಗುತ್ತಿತ್ತು. ಗಡಿಯಾರದಲ್ಲಿ ಒಂದೂವರೆ ತಾಸು ಮುಂದೆ ಹೋಗಿತ್ತು. ನಿದ್ದೆಯಲ್ಲಾದರೆ ಕನಸಿರುತ್ತದೆ, ಮಗ್ಗುಲು ಬದಲಿಸಿದ್ದು ಮಸುಕಾಗಿ ಗೊತ್ತಿರುತ್ತದೆ. ಇಲ್ಲಿ ಏನೂ ಇರಲಿಲ್ಲ. ಆ ಒಂದೂವರೆ ತಾಸು ನನ್ನ ಬದುಕಿನಲ್ಲೇ ಇಲ್ಲ.

ನಾಲ್ಕನೇ ದಿನ ಮನೆಗೆ ಕಳಿಸಿದರು. ಡಿಸ್‌ಚಾರ್ಜ್ ಚೀಟಿ ಈಗಲೂ ನನ್ನ ಬಳಿ ಇದೆ. ಹೊಲಿಗೆ ಒದ್ದೆ ಮಾಡಬಾರದು, ಭಾರ ಎತ್ತಬಾರದು, ಜ್ವರ ಬಂದರೆ ಅಥವಾ ಗಾಯದಲ್ಲಿ ಕೀವು ಕಂಡರೆ ಕೂಡಲೇ ಬರಬೇಕು. ಎಲ್ಲವೂ ಸರಿಯಾದ ಮಾತುಗಳೇ. ಗಾಯ ಸೊಗಸಾಗಿ ಮಾಯಿತು.

ಆದರೆ ಮನೆಗೆ ಬಂದ ಮೂರನೇ ರಾತ್ರಿಯಿಂದ ಬೇರೊಂದು ಶುರುವಾಯಿತು. ಕಣ್ಣು ಮುಚ್ಚಿ ಇನ್ನೇನು ನಿದ್ದೆ ಹತ್ತಬೇಕು ಎನ್ನುವಾಗ ಮೈ ಝಗ್ಗನೆ ಎಚ್ಚರವಾಗುತ್ತಿತ್ತು. ನಿದ್ದೆಗೆ ಜಾರುವ ಆ ಕ್ಷಣ ಆಪರೇಷನ್ ಟೇಬಲ್ಲಿನ ಕ್ಷಣದಂತೆಯೇ ಇರುತ್ತಿತ್ತು. ಮಲಗಿದರೆ ಏಳುವುದಿಲ್ಲವೇನೋ ಎಂಬ ಅಂಜಿಕೆ. ಬೆಳಗಿನ ನಾಲ್ಕರವರೆಗೆ ಮೊಬೈಲ್ ನೋಡುತ್ತ ಕೂರುತ್ತಿದ್ದೆ. ಅಂಥ ಹನ್ನೆರಡು ರಾತ್ರಿಗಳ ನಂತರ ಬಂದದ್ದು ಭಾನಾಪುರದ ಆ ಬೆಳಗು.

ಆಮೇಲಿನದು ರಿಪೋರ್ಟುಗಳ ಕಥೆ. ಕೊಪ್ಪಳದಲ್ಲಿ ಒಂದು ಇಸಿಜಿ, ಗಂಗಾವತಿಯಲ್ಲಿ ಇನ್ನೊಂದು, ಕುಷ್ಟಗಿಯಲ್ಲಿ ಅಕ್ಕನ ಮನೆಗೆ ಹೋದಾಗ ರಾತ್ರಿ ಹನ್ನೊಂದಕ್ಕೆ ಮತ್ತೊಂದು. ಒಂದು ಎಕೋ, ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ. ಎಲ್ಲವೂ ನಾರ್ಮಲ್. ಪ್ರತಿ ಬಾರಿಯೂ ಒಂದೇ ಮಾತು: ‘ಏನೂ ಇಲ್ಲಪಾ, ಗ್ಯಾಸ್ ಇರಬೇಕು. ಟೆನ್ಶನ್ ಮಾಡ್ಕೋಬ್ಯಾಡ.’ ಆ ಪರೀಕ್ಷೆಗಳು ಬೇಡವಾಗಿದ್ದವು ಎನ್ನುತ್ತಿಲ್ಲ. ಆಪರೇಷನ್ ಆದವರಿಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಕಾಲಿನ ಮೀನಖಂಡದಲ್ಲಿ ಬಾವು ಬಂದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯೂ ಇರುತ್ತದೆ. ಅದು ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊದಲು ದೇಹವನ್ನೇ ಪರೀಕ್ಷಿಸಬೇಕು. ನನ್ನ ತಕರಾರು ಇರುವುದು ನಾರ್ಮಲ್ ಎಂದು ಬಂದ ನಂತರದ ಮಾತಿನ ಮೇಲೆ. ‘ನಿನ್ನ ಹೃದಯಕ್ಕೆ ಏನೂ ಆಗಿಲ್ಲ’ ಎಂಬುದು ಒಂದು ಮಾತು. ‘ನಿನಗೆ ಏನೂ ಆಗಿಲ್ಲ’ ಎಂಬುದು ಬೇರೆಯೇ ಮಾತು. ನನಗೆ ಸಿಕ್ಕಿದ್ದು ಎರಡನೆಯದು.

ಏನೂ ಆಗಿಲ್ಲ ಅಂದಮೇಲೆ ತಪ್ಪು ನನ್ನದೇ ಎಂದಾಯಿತಲ್ಲ! ಊರಲ್ಲಿ ದೊಡ್ಡಪ್ಪ, ‘ಗಂಡ್ಸಾಗಿ ಹಿಂಗ ಅಂಜ್ತಾರೇನೋ? ಧೈರ್ಯ ತಗೋ’ ಎಂದರು. ಅವ್ವ ದೃಷ್ಟಿ ತೆಗೆದಳು, ತೋಳಿಗೆ ತಾಯತ ಕಟ್ಟಿಸಿದಳು. ಅವ್ವನ ಬಗ್ಗೆ ನನಗೆ ಬೇಸರವಿಲ್ಲ. ಎಲ್ಲರೂ ‘ಏನೂ ಇಲ್ಲ’ ಎನ್ನುವಾಗ ‘ಏನೋ ಐತಿ’ ಎಂದು ನಂಬಿದವಳು ಅವಳೊಬ್ಬಳೇ. ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ‘ಮೆಡಿಕಲ್‌ದಾಗ ನಿದ್ದಿ ಗುಳಿಗಿ ಸಿಗ್ತಾವು, ಒಂದ ನುಂಗಿ ಮಕ್ಕೋ’ ಎಂದ. ನುಂಗಲಿಲ್ಲ. ಆದರೆ ಒಂದು ರಾತ್ರಿ ಆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬದುಕು ಸಣ್ಣದಾಗುತ್ತ ಹೋಯಿತು. ಮೊದಲು ರಶ್ ಇರುವ ಬಸ್ಸು ಬಿಟ್ಟೆ, ಆಮೇಲೆ ಬಸ್ಸನ್ನೇ ಬಿಟ್ಟೆ. ಲ್ಯಾಬಿನಲ್ಲಿ ಬಝರ್ ಬೀಪ್ ಎಂದರೆ ಎದ್ದು ಹೊರಗೆ ಹೋಗುತ್ತಿದ್ದೆ. ವಿಟಿಯು ನಿಯಮದ ಪ್ರಕಾರ ಶೇ 85 ಹಾಜರಿ ಬೇಕು. ನನ್ನದು ಇಳಿಯುತ್ತಲೇ ಇತ್ತು. ಜನವರಿಯಲ್ಲಿ ಗವಿಮಠದ ಜಾತ್ರೆ ಬಂತು. ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ರಥೋತ್ಸವಕ್ಕೆ ಸೇರುವ ಲಕ್ಷಾಂತರ ಜನರ ನಡುವೆ ನಿಂತು ಉತ್ತತ್ತಿ ಎಸೆಯುವುದು ನನಗೆ ಹಬ್ಬ. ಈ ಸಲ ಹಾಸ್ಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತು ಆ ಸದ್ದನ್ನು ಕೇಳಿದೆ. ಗೆಳೆಯರು ದಾಸೋಹದ ಮಿರ್ಚಿ ಕಟ್ಟಿಸಿಕೊಂಡು ಬಂದು ಕೊಟ್ಟರು. ತಿನ್ನುತ್ತ ಅತ್ತುಬಿಟ್ಟೆ. ಖಾರಕ್ಕೆ ಎಂದು ಸುಳ್ಳು ಹೇಳಿದೆ.

ದಾರಿ ತೋರಿಸಿದವಳು ಕುಷ್ಟಗಿಯ ಅಕ್ಕ. ಮೂರನೇ ಇಸಿಜಿ ಮುಗಿಸಿ ಮನೆಗೆ ಬಂದ ಆ ರಾತ್ರಿ ಅಡುಗೆಮನೆಯಲ್ಲಿ ಚಹಾ ಕಾಸುತ್ತ ಮೆಲ್ಲಗೆ ಕೇಳಿದಳು: ‘ತಮ್ಮಾ, ನಿದ್ದಿ ಹತ್ತೂ ಮುಂದ ಸತ್ತಂಗ ಅನಸ್ತೈತೇನು?’

ನನಗೆ ಆಶ್ಚರ್ಯ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

‘ನನಗ ಸಿಜೇರಿಯನ್ ಆದಮ್ಯಾಲೆ ಆರು ತಿಂಗಳು ಹಿಂಗ ಆಗಿತ್ತು. ಕೂಸಿನ್ನ ಎತ್ಕೊಂಡು ನಿಂತಾಗ ಎದಿ ಹಾರತಿತ್ತು. ಎಲ್ಲಿ ಕೂಸು ಕೈಬಿಟ್ಟು ಬೀಳ್ತೈತೋ ಅಂತ ಗ್ವಾಡಿಗೆ ಆತು ಕೂಡ್ತಿದ್ನಿ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರ ಹುಚ್ಚು ಅಂದಾರು ಅಂತ ಅಂಜಿಕಿ.’

ನನ್ನ ಅಕ್ಕ ಆರು ತಿಂಗಳು ಒಬ್ಬಳೇ ಅನುಭವಿಸಿದ್ದಳು. ನಾನು ಆಗ ಅದೇ ಮನೆಗೆ ಹೋಗಿ ಕೂಸನ್ನು ಆಡಿಸಿ ಬಂದಿದ್ದೆ, ನನಗೆ ಏನೂ ಕಂಡಿರಲಿಲ್ಲ. ನನ್ನ ತಾಪತ್ರಯ ನನ್ನೊಬ್ಬನದಲ್ಲ ಎಂದು ಅಂದು ಗೊತ್ತಾಯಿತು. ಒಂದೇ ಮನೆಯಲ್ಲಿ ಇಬ್ಬರು ಇದ್ದೇವೆ ಎಂದರೆ ಈ ನಾಲ್ಕು ತಾಲ್ಲೂಕುಗಳ ಆಸ್ಪತ್ರೆಗಳಿಂದ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದವರಲ್ಲಿ ಇನ್ನೆಷ್ಟು ಮಂದಿ ಗೋಡೆಗೆ ಆತು ಕುಳಿತಿರಬಹುದು?

ಅಕ್ಕನೇ 14416ಕ್ಕೆ ಫೋನ್ ಮಾಡು ಎಂದಳು. ಆಶಾ ಕಾರ್ಯಕರ್ತೆಯೊಬ್ಬರು ಅವಳಿಗೆ ಹೇಳಿದ್ದರಂತೆ. ಇದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದ ಸಹಾಯವಾಣಿ. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲ್ ಟೆರೇಸಿನ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಫೋನ್ ಮಾಡಿದೆ. ಎರಡು ಬಾರಿ ನಾನೇ ಕಟ್ ಮಾಡಿದೆ. ಮೂರನೇ ಬಾರಿ ಮಾತಾಡಿದೆ. ಆ ಕಡೆಯವರು ‘ಧೈರ್ಯ ತಗೊಳ್ಳಿ’ ಎನ್ನಲಿಲ್ಲ. ‘ಇದು ಶುರುವಾಗುವ ಮೊದಲು ನಿಮ್ಮ ಜೀವನದಲ್ಲಿ ಏನಾಗಿತ್ತು?’ ಎಂದು ಕೇಳಿದರು. ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಕೊನೆಗೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಎಂದರು.

ಹೋದೆ. ಚೀಟಿ ಮಾಡಿಸುವಾಗ ಪರಿಚಯದವರು ಯಾರಾದರೂ ಕಂಡಾರೆಂದು ಮಾಸ್ಕ್ ಹಾಕಿಕೊಂಡಿದ್ದೆ. ಒಳಗೆ ಡಾಕ್ಟರು ನನ್ನ ಇಸಿಜಿಗಳನ್ನೆಲ್ಲ ಒಂದೊಂದಾಗಿ ನೋಡಿ ಹೇಳಿದರು: ‘ನಿನಗ ಆಗಿರೋದಕ್ಕ ಒಂದು ಹೆಸರೈತಿ. ಪ್ಯಾನಿಕ್ ಅಟ್ಯಾಕ್.’ ಹೆಸರು ಸಿಕ್ಕಿದ್ದೇ ಅರ್ಧ ವಾಸಿಯಾದಂತೆ ಅನಿಸಿತು. ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಒಂದು ವ್ಯವಸ್ಥೆ ಇದೆ. ಗಂಟೆ ಬಾರಿಸಿತೆಂದರೆ ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ, ಬೆವರು ಬರುತ್ತದೆ. ಹಾವು ಕಂಡಾಗ ಓಡಲು ಇದೆಲ್ಲ ಬೇಕು. ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೊಗೆ ಕಂಡರೆ ಕೂಗುವ ಅಲಾರ್ಮ್‌ಗೆ ಒಂದು ಥ್ರೆಶೋಲ್ಡ್ ಇಟ್ಟಿರುತ್ತೇವೆ. ಅದು ತೀರಾ ಕೆಳಗಿಳಿದರೆ ಊದಿನಕಡ್ಡಿ ಹಚ್ಚಿದರೂ ಅಲಾರ್ಮ್ ಕೂಗುತ್ತದೆ. ಸೆನ್ಸರ್ ಕೆಟ್ಟಿಲ್ಲ, ವೈರ್ ಸುಟ್ಟಿಲ್ಲ. ಸೆಟ್ಟಿಂಗ್ ಜಾರಿದೆ, ಅಷ್ಟೇ. ಅದಕ್ಕೇ ಎಲ್ಲ ರಿಪೋರ್ಟೂ ನಾರ್ಮಲ್, ಆದರೂ ಅಲಾರ್ಮ್ ನಿಜವಾಗಿಯೂ ಕೂಗುತ್ತದೆ.

ಆಪರೇಷನ್ ಆ ಸೆಟ್ಟಿಂಗನ್ನು ಹೇಗೆ ಜಾರಿಸುತ್ತದೆ? ಅರಿವಳಿಕೆ ಔಷಧ ಇನ್ನೂ ಮೈಯಲ್ಲೇ ಉಳಿದಿದೆಯೇನೋ ಎಂದು ನಾನು ಹೆದರಿದ್ದೆ. ಹಾಗಲ್ಲವಂತೆ. ಇಂದಿನ ಅರಿವಳಿಕೆ ಔಷಧಗಳ ಪ್ರಭಾವ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿದುಹೋಗುತ್ತದೆ. ಉಳಿಯುವುದು ಅನುಭವ. ತಡೆಯಲಾಗದ ನೋವು, ದಿಢೀರ್ ನಿರ್ಧಾರ, ನಮ್ಮ ಮೈ ಇನ್ನೊಬ್ಬರ ಕೈಗೆ ಹೋದ ಗಳಿಗೆ, ಮತ್ತೆ ಎದ್ದೇನೋ ಇಲ್ಲವೋ ಎಂಬ ಸಂಶಯ, ನಿದ್ದೆಯಿಲ್ಲದ ಆಸ್ಪತ್ರೆಯ ರಾತ್ರಿಗಳು. ಮೆದುಳು ಇದನ್ನೆಲ್ಲ ‘ಅಪಾಯ’ ಎಂದು ಬರೆದಿಟ್ಟುಕೊಳ್ಳುತ್ತದೆ. ಅದರ ಜೊತೆಗಿದ್ದ ಬೀಪ್ ಸದ್ದು, ಸ್ಪಿರಿಟ್ ವಾಸನೆ, ಪ್ರಜ್ಞೆ ಜಾರುವ ಕ್ಷಣವನ್ನೂ ಸೇರಿಸಿ ಬರೆದುಕೊಳ್ಳುತ್ತದೆ. ಆಪರೇಷನ್ ಆದ ಮೈ ಕೆಲವು ವಾರ ಬಳಲಿರುತ್ತದೆ. ಮೆಟ್ಟಿಲು ಹತ್ತಿದರೂ, ಬಸ್ಸಿನಲ್ಲಿ ನಿಂತರೂ ಎದೆ ತುಸು ಜೋರಾಗಿ ಬಡಿಯುತ್ತದೆ. ಆ ಸಹಜ ಬಡಿತವನ್ನೇ ಮೆದುಳು ಅಪಾಯವೆಂದು ಓದಿಕೊಳ್ಳುತ್ತದೆ. ಹೆದರಿದರೆ ಬಡಿತ ಇನ್ನೂ ಏರುತ್ತದೆ, ಏರಿದರೆ ಹೆದರಿಕೆ ಇನ್ನೂ ಏರುತ್ತದೆ. ಗಾಬರಿಯಲ್ಲಿ ನಾವು ಬೇಕಿದ್ದಕ್ಕಿಂತ ಹೆಚ್ಚು ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ನನಗೆ ಉಸಿರು ಸಾಲದೆಂದು ಅನಿಸುತ್ತಿದ್ದಾಗ ನಿಜಕ್ಕೂ ಉಸಿರು ಹೆಚ್ಚಾಗಿತ್ತು!

ಇಂಥ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಅದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಉಸಿರನ್ನು ಮೂಗಿನಿಂದ ಮೆಲ್ಲಗೆ ಎಳೆದುಕೊಂಡು, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದನ್ನು ಕಲಿಸಿದರು. ಕೆಲವು ತಿಂಗಳಿಗೆ ಒಂದು ಮಾತ್ರೆಯನ್ನೂ ಬರೆದರು. ಅದರ ಗುಣ ಕಾಣಲು ಕೆಲವು ವಾರ ಬೇಕು, ಹೇಳದೆ ನಿಲ್ಲಿಸಬಾರದು ಎಂದು ಎಚ್ಚರಿಸಿದರು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಅದನ್ನು ಡಾಕ್ಟರು ನಿರ್ಧರಿಸಬೇಕು, ಹಾಸ್ಟೆಲ್ ಗೆಳೆಯ ಅಲ್ಲ.

ಎಲ್ಲಕ್ಕಿಂತ ಕಷ್ಟವಾದ ಔಷಧ ಬೇರೆ ಇತ್ತು. ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಮತ್ತೆ ಹಿಡಿಯಬೇಕು. ತಪ್ಪಿಸಿಕೊಂಡಷ್ಟೂ ಮೆದುಳಿಗೆ ‘ಹೌದು, ಬಸ್ಸು ಅಪಾಯವೇ’ ಎಂದು ನಾವೇ ಹೇಳಿಕೊಟ್ಟಂತೆ. ಮೊದಲ ವಾರ ಖಾಲಿ ಬಸ್ಸಿನಲ್ಲಿ ಒಂದು ಸ್ಟಾಪ್. ಆಮೇಲೆ ಭಾನಾಪುರದವರೆಗೆ. ಆಮೇಲೆ ಬೆಳಗಿನ ರಶ್ಶಿನಲ್ಲಿ, ಗೆಳೆಯನ ಜೊತೆ. ಕೊನೆಗೆ ಒಬ್ಬನೇ. ಲ್ಯಾಬಿನ ಬಝರನ್ನು ನಾನೇ ಒತ್ತಿ ಒತ್ತಿ ಕೇಳಿದೆ. ಗಾಯ ಪೂರ್ತಿ ಮಾಯ್ದು ಡಾಕ್ಟರು ಒಪ್ಪಿದ ಮೇಲೆ ಮಾವನ ಮಗನ ಜೊತೆ ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟ ಹತ್ತಿದೆ. ಐನೂರಕ್ಕೂ ಹೆಚ್ಚು ಮೆಟ್ಟಿಲು. ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಅದೇ ಭಾನಾಪುರದ ಬಡಿತ ಬಡಿಯುತ್ತಿತ್ತು. ಕುಳಿತೆ. ಸುತ್ತ ನೋಡಿದರೆ ಹತ್ತುತ್ತಿದ್ದವರೆಲ್ಲ ನನ್ನಂತೆಯೇ ಏದುಸಿರು ಬಿಡುತ್ತಿದ್ದರು. ಒಬ್ಬರೂ ಸಾಯುತ್ತಿರಲಿಲ್ಲ. ಎದ್ದು ಮೇಲೆ ಹೋದೆ. ತುಂಗಭದ್ರೆ, ಗದ್ದೆಗಳ ಹಸಿರು, ಬಂಡೆಗಳ ಸಾಲು ಕಂಡವು. ಅಂದು ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದೆ. ಮೂರು ತಿಂಗಳಲ್ಲಿ ಮೊದಲ ಸಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಾನು ಅರಿವಳಿಕೆಯ ವಿರೋಧಿ ಅಲ್ಲ. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ, ರೋಗಿಗೆ ನೋವು ತಿಳಿಯದಂತೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಎಲ್ಲರೆದುರು ತೋರಿಸಿದ. ಅದಕ್ಕೂ ಮೊದಲು ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿದು ಕೊಯ್ಯುತ್ತಿದ್ದರು. ನನ್ನ ಅಪೆಂಡಿಕ್ಸ್ ಒಡೆಯುವ ಮೊದಲೇ ತೆಗೆಯಲು ಸಾಧ್ಯವಾದದ್ದು ಅರಿವಳಿಕೆಯಿಂದಲೇ. ‘ನಡುವೆ ಎಚ್ಚರವಾದರೆ?’ ಎಂಬ ಭಯ ಹಲವರಿಗೆ ಇರುತ್ತದೆ. ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ಹಾಗೆ ಆಯಿತೆಂದು ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು. ಆಪರೇಷನ್ ಬೇಕೆಂದು ಡಾಕ್ಟರು ಹೇಳಿದರೆ ದಯವಿಟ್ಟು ಮುಂದೂಡಬೇಡಿ.

ನಾನು ಕೇಳುತ್ತಿರುವುದು ಡಿಸ್‌ಚಾರ್ಜ್ ಚೀಟಿಯಲ್ಲಿ ಒಂದೇ ಒಂದು ಸಾಲು. ‘ಮುಂದಿನ ಕೆಲವು ವಾರಗಳಲ್ಲಿ ಕಾರಣವಿಲ್ಲದ ಗಾಬರಿ, ಎದೆಬಡಿತ, ನಿದ್ದೆಗೇಡು ಕಾಣಿಸಬಹುದು. ಬಂದು ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ. 14416.’ ಇಷ್ಟೇ. ಕೀವಿನ ಬಗ್ಗೆ ಬರೆಯುವ ಜಾಗದಲ್ಲೇ ಇದನ್ನೂ ಬರೆಯಬಹುದು.

ಇದನ್ನು ಹೇಳಿದಾಗ ನನ್ನ ಗೆಳೆಯನೊಬ್ಬ, ‘ಮೊದ್ಲ ಹೇಳಿದ್ರ ಇಲ್ಲದವರಿಗೂ ಹೆದರಿಕಿ ಹತ್ತತೈತಲೇ’ ಎಂದ. ಯೋಚಿಸಿ ನೋಡಿದೆ. ‘ಗಾಯದಲ್ಲಿ ಕೀವಾಗಬಹುದು’ ಎಂದು ಓದಿದ್ದಕ್ಕೆ ಯಾರಿಗೂ ಕೀವಾಗಿಲ್ಲ. ಓದಿದವರು ಕೀವು ಕಂಡಾಗ ಬೇಗ ಹೋಗಿ ತೋರಿಸಿದ್ದಾರೆ. ಹೆದರಿಕೆ ಹುಟ್ಟುವುದು ತಿಳಿದಿದ್ದರಿಂದಲ್ಲ, ಇದೇನೆಂದು ತಿಳಿಯದ್ದರಿಂದ. ಡಾಕ್ಟರುಗಳಿಗೆ ಪುರುಸೊತ್ತಿಲ್ಲ ಎಂಬುದೂ ನಿಜ, ಓಪಿಡಿ ಸಾಲು ನಾನೂ ನಿಂತು ನೋಡಿದ್ದೇನೆ. ಅದಕ್ಕೇ ಭಾಷಣ ಕೇಳುತ್ತಿಲ್ಲ, ಅಚ್ಚು ಹಾಕಿಸಬಹುದಾದ ಒಂದು ಸಾಲು ಕೇಳುತ್ತಿದ್ದೇನೆ.

ಇದು ದೊಡ್ಡ ಊರುಗಳ ಕಾಯಿಲೆ, ನಮ್ಮ ಕಡೆಯದಲ್ಲ ಎನ್ನುವವರೂ ಇದ್ದಾರೆ. ಅವರಿಗೆ ಒಂದು ಮಾತು. 1985ರಲ್ಲಿ ನಿಮ್ಹಾನ್ಸ್ ತನ್ನ ಜಿಲ್ಲಾ ಮಾನಸಿಕ ಆರೋಗ್ಯದ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯನ್ನು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ರಾಯಚೂರು ಜಿಲ್ಲೆಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ಅಲ್ಲಿ ತೋರಿಸಿದರು. ಅದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ದೇಶಕ್ಕೆ ದಾರಿ ತೋರಿಸಿದ ಸೀಮೆಯವರು ನಾವು, ನಮ್ಮ ಮನೆಯಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೇವೆ. ಗವಿಮಠದ ಜಾತ್ರೆಯ ಹೊತ್ತಿಗೆ ಸಾಮಾಜಿಕ ವಿಷಯ ಹಿಡಿದು ಜಾಗೃತಿ ಜಾಥಾ ನಡೆಯುವ ಊರು ನಮ್ಮದು. ಹೇಳಿದರೆ ಕೇಳುವ ಜನ ಇದ್ದಾರೆ. ಹೇಳಬೇಕು ಅಷ್ಟೇ.

ಕಾಲೇಜುಗಳಿಗೂ ಒಂದು ವಿನಂತಿ. ಜ್ವರಕ್ಕೆ, ಕಾಲು ಮುರಿದದ್ದಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಒಪ್ಪುವಂತೆ ಇದಕ್ಕೂ ಒಪ್ಪಬೇಕು. ನಾನು ನನ್ನ ಮೆಂಟರ್ ಸರ್‌ಗೆ ಹೇಳುವ ಮೊದಲು ಎರಡು ವಾರ ಅಂಜಿದ್ದೆ. ಹೇಳಿದ ಮೇಲೆ ಅವರು ಪರೀಕ್ಷೆಯಲ್ಲಿ ಬಾಗಿಲ ಹತ್ತಿರ ಕೂರಲು ವ್ಯವಸ್ಥೆ ಮಾಡಿಸಿಕೊಟ್ಟರು. ಖರ್ಚು ಒಂದು ರೂಪಾಯಿಯೂ ಆಗಲಿಲ್ಲ, ನನ್ನ ಒಂದು ಸೆಮಿಸ್ಟರ್ ಉಳಿಯಿತು.

ಕೆಲಸ ಹುಡುಕುತ್ತಿರುವ ಅಣ್ಣ, ಅಕ್ಕಂದಿರಿಗೆ ಒಂದು ಭಯ ಇರುತ್ತದೆ. ಮಾನಸಿಕ ವಿಭಾಗದ ಚೀಟಿ ಮಾಡಿಸಿದರೆ ಮುಂದೆ ಕಂಪನಿಗೆ ಗೊತ್ತಾದರೆ, ಮದುವೆಗೆ ಅಡ್ಡಿಯಾದರೆ ಎಂದು. ನನಗೂ ಇತ್ತು, ಮಾಸ್ಕ್ ಹಾಕಿಕೊಂಡದ್ದು ಅದಕ್ಕೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ನಮ್ಮ ಹಕ್ಕು ಎಂದು ಹೇಳುತ್ತದೆ. ನಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕೆಂದೂ ಹೇಳುತ್ತದೆ. ಚಿಕಿತ್ಸೆ ಪಡೆದವನಿಗಿಂತ, ಪಡೆಯದೆ ಇಂಟರ್‌ವ್ಯೂ ದಿನ ಬಸ್ಸಿನಿಂದ ಇಳಿದು ಮನೆಗೆ ವಾಪಸ್ ಹೋದವನಿಗೆ ಕೆಲಸ ಸಿಗುವುದು ಹೆಚ್ಚು ಕಷ್ಟ.

ನಾನು ಪೂರ್ತಿ ಗುಣವಾಗಿದ್ದೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೋದ ವಾರವೇ ಯಲಬುರ್ಗಾ ಬಸ್ಸಿನಲ್ಲಿ ಮತ್ತೆ ಬಂತು. ಎದೆ ಡವಗುಟ್ಟಿತು, ಬೆರಳು ಜುಮುಗುಟ್ಟಿತು. ‘ಬಂದ್ಯಾ? ಹತ್ತು ನಿಮಿಷ ಇರ್ತೀ, ಇರು’ ಎಂದು ಮನಸ್ಸಿನಲ್ಲೇ ಅಂದೆ. ಕಂಬಿ ಹಿಡಿದು, ಉಸಿರನ್ನು ಮೆಲ್ಲಗೆ ಬಿಡುತ್ತ ಕಿಟಕಿಯಾಚೆ ಜೋಳದ ಹೊಲ ನೋಡುತ್ತ ನಿಂತೆ. ಭಾನಾಪುರ ಬಂತು, ಹೋಯಿತು. ನಾನು ಇಳಿಯಲಿಲ್ಲ.

ಕೊಪ್ಪಳದಲ್ಲಿ ಇಳಿದ ಮೇಲೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ನಕ್ಕಳು. ಆಮೇಲೆ, ‘ನಾಳೆ ನಾನೂ ಡಾಕ್ಟರ ಹಂತ್ಯಾಕ ಹೊಂಟೀನಿ ತಮ್ಮಾ. ಎರಡನೇದ್ದು ಐತಿ, ಈ ಸಲ ಮೊದ್ಲ ಹೇಳಿಬಿಡ್ತೀನಿ’ ಎಂದಳು.